ಹಾಲಕ್ಕನ ಕಾಯುವ ಕೆಲಸ

ಬೆಳಗಿನ ಐದೂ ಮುಕ್ಕಾಲು. ನಾಲ್ಕು ಮಹಡಿಯ ಹಳೆಯ ಕಟ್ಟಡ. ಲಿಫ್ಟಿನ ಬಾಗಿಲಿಗೆ ‘ಕೆಟ್ಟಿದೆ’ ಎಂದು ಅಂಟಿಸಿದ ಚೀಟಿಯ ಅಂಚು ಕೂಡ ಹಳದಿಯಾಗಿದೆ. ಹೆಗಲಿಗೆ ನೀಲಿ ಐಸ್ ಪೆಟ್ಟಿಗೆ ತಗುಲಿಸಿಕೊಂಡ ಐವತ್ತಾರರ ಹೆಂಗಸೊಬ್ಬರು ಮೆಟ್ಟಿಲು ಹತ್ತುತ್ತಿದ್ದಾರೆ, ಅವರ ಬಗ್ಗೆ ಬರೆಯಲೆಂದು ಬಂದ ನಾನು ಹಿಂದೆ. ಮೂರನೇ ಮಹಡಿಗೆ ಬಂದು ನಿಲ್ಲುತ್ತಾರೆ. ಕರೆಗಂಟೆ ಒತ್ತುವುದಿಲ್ಲ, ಮಗು ಎದ್ದೀತು. ಉಗುರಿನಿಂದ ಬಾಗಿಲನ್ನು ಎರಡು ಸಲ ಕೆರೆಯುತ್ತಾರೆ.

ಬಾಗಿಲು ತೆರೆದ ತಾಯಿಯ ಕಣ್ಣಲ್ಲಿ ಇನ್ನೂ ನಿದ್ದೆಯಿದೆ. ಕೈಯಲ್ಲಿ ಎರಡು ಪುಟ್ಟ ಸೀಸೆ.

“ಇವತ್ತು ಕಮ್ಮಿ ಅಕ್ಕಾ. ಎಲ್ಲಾ ಇವನೇ ಕುಡಿದ.”

“ಕುಡೀಲಿ ಬಿಡಮ್ಮ. ಅವನಿಗೆ ಮಿಕ್ಕಿದ್ದು ತಾನೆ ನಮಗೆ.”

ಸೀಸೆಯ ಮೇಲೆ ಹೆಸರಿಲ್ಲ, ಸಂಖ್ಯೆ ಮಾತ್ರ. ಅದನ್ನು ಪುಸ್ತಕದೊಂದಿಗೆ ತಾಳೆ ನೋಡಿ, ಮಂಜುಗಡ್ಡೆಯ ಪೊಟ್ಟಣಗಳ ನಡುವೆ ನಿಲ್ಲಿಸಿ, ಮುಚ್ಚಳ ಒತ್ತುತ್ತಾರೆ. ಇಂಥ ಹದಿನಾಲ್ಕು ಮನೆಗಳು. ಎಲ್ಲ ಸೇರಿದರೆ ಒಂದೂವರೆ ಲೀಟರು, ಒಳ್ಳೆಯ ದಿನ ಎರಡು. ಎಂಟೂವರೆಯೊಳಗೆ ಪೆಟ್ಟಿಗೆ ಆಸ್ಪತ್ರೆಯ ಹಿಂಬದಿಯ ಪ್ರಯೋಗಾಲಯಕ್ಕೆ ತಲುಪಬೇಕು. ಅಲ್ಲಿ ಎಲ್ಲರೂ ಇವರನ್ನು ಹಾಲಕ್ಕ ಎಂದೇ ಕರೆಯುತ್ತಾರೆ. ಹಾಜರಿ ಪುಸ್ತಕದಲ್ಲಿರುವ ಹುದ್ದೆ ‘ಮಾದರಿ ಸಂಗ್ರಾಹಕಿ’. ಆ ಮಾತು ಹೇಳುವಾಗ ಅವರಿಗೇ ನಗು ಬರುತ್ತದೆ.

ಈ ಹಾಲು ಯಾವ ಮಗುವಿನ ಬಾಯಿಗೂ ಹೋಗುವುದಿಲ್ಲ. ಪ್ರಯೋಗಾಲಯದವರು ಮೊದಲು ಕೈಹಾಕಿದ್ದು ಬೇರೆಯೇ ಪ್ರಶ್ನೆಗೆ. ಎದೆಹಾಲು ರೋಗಾಣುಗಳನ್ನು ಹೇಗೆ ತಡೆಯುತ್ತದೆ ಎಂದು ನೋಡುವಾಗ, ಹಾಲಿನ ಒಂದು ಪ್ರೋಟೀನು ತನ್ನ ಮಡಿಕೆ ಬಿಚ್ಚಿಕೊಂಡು ಒಂದು ಬಗೆಯ ಕೊಬ್ಬಿನೊಡನೆ ಸೇರಿದರೆ ಗೆಡ್ಡೆಯ ಜೀವಕೋಶಗಳೊಳಗೆ ನುಗ್ಗಿ ಅವನ್ನು ಕೊಲ್ಲುವುದು, ಪಕ್ಕದ ಆರೋಗ್ಯವಂತ ಕೋಶಗಳನ್ನು ಬಹುಮಟ್ಟಿಗೆ ಬಿಟ್ಟುಬಿಡುವುದು ಕಣ್ಣಿಗೆ ಬಿತ್ತು. ಅಂದಿನಿಂದ ಅವರಿಗೆ ಹಾಲು ಬೇಕು, ಹದಿನೈದು ವರ್ಷದಿಂದ ಹಾಲಕ್ಕ ತರುತ್ತಿದ್ದಾರೆ.

ಹಾಲು ಒಪ್ಪಿಸಿದ ಮೇಲೆ ಅವರ ದಿನದ ಎರಡನೇ ಭಾಗ ಮಕ್ಕಳ ವಾರ್ಡಿನಲ್ಲಿ ಶುರುವಾಗುತ್ತದೆ. ಮೂತ್ರದ ಸೋಂಕಿನಿಂದ ಜ್ವರ ಬಂದ ಮಕ್ಕಳಿಂದ ಶುದ್ಧವಾದ ಮಾದರಿ ಹಿಡಿಯಬೇಕು. ಶುರುವಿನ ಹನಿಗಳನ್ನು ಬಿಟ್ಟು, ನಡುವಿನ ಧಾರೆಗೆ ಬಟ್ಟಲು ಒಡ್ಡಬೇಕು, ಬಟ್ಟಲಿನ ಒಳಗೆ ಬೆರಳು ತಾಗಬಾರದು. ಹೇಳುವಷ್ಟು ಸುಲಭವಲ್ಲ. ಬಿಳಿ ಕೋಟು ಕಂಡರೆ ಮಕ್ಕಳು ಬಿಗಿಹಿಡಿದು ಕೂರುತ್ತವೆ. ಹಾಲಕ್ಕ ಕೋಟು ತೆಗೆದು ಬಾಗಿಲ ಹಿಂದೆ ನೇತುಹಾಕುತ್ತಾರೆ. ಮಗುವಿನ ಪಕ್ಕದಲ್ಲಿ ಕುಳಿತು, ಒಂದು ಮಗ್ಗಿನಿಂದ ಇನ್ನೊಂದಕ್ಕೆ ನೀರು ಸುರಿಯುತ್ತಾರೆ, ಸಣ್ಣಗೆ, ನಿಲ್ಲಿಸದೆ. ಕೆಲವೊಮ್ಮೆ ಹತ್ತು ನಿಮಿಷ, ಕೆಲವೊಮ್ಮೆ ಮುಕ್ಕಾಲು ಗಂಟೆ.

“ಅವಸರ ಮಾಡಿದ್ರೆ ಒಂದು ಹನಿನೂ ಬರಲ್ಲ. ಮಕ್ಕಳ ಮೂತ್ರ ಯಾರ ಗಡಿಯಾರನೂ ನೋಡಲ್ಲ” ಎನ್ನುತ್ತಾರೆ.

ಈ ವಿದ್ಯೆಯನ್ನು ಅವರು ಕಲಿತದ್ದು ತಮ್ಮ ಮಗಳಿಂದ. ಇಪ್ಪತ್ತೆರಡು ವರ್ಷದ ಹಿಂದೆ ಅವರು ಬಟ್ಟೆ ಕಾರ್ಖಾನೆಯಲ್ಲಿ ಷರ್ಟಿನ ಕಾಲರು ಹೊಲಿಯುತ್ತಿದ್ದರು. ನಾಲ್ಕು ವರ್ಷದ ಮಗಳಿಗೆ ಒಂದೇ ವರ್ಷದಲ್ಲಿ ಮೂತ್ರದ ಸೋಂಕಿನಿಂದ ಆರು ಸಲ ಚಳಿಜ್ವರ ಬಂತು. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಎಡ ಮೂತ್ರಪಿಂಡದ ಮೇಲೆ ಕಲೆ ಬಿದ್ದಾಗಿತ್ತು. ಪಕ್ಕದ ಹಾಸಿಗೆಯ ಹುಡುಗಿಗೂ ಅದೇ ಜಾತಿಯ ಬ್ಯಾಕ್ಟೀರಿಯಾ ಇತ್ತು, ಆದರೆ ಆ ಹುಡುಗಿ ಏನೂ ಆಗದವಳ ಹಾಗೆ ಓಡಾಡಿಕೊಂಡಿದ್ದಳು. ಯಾಕೆ ಹೀಗೆ ಎಂದು ಹಾಲಕ್ಕ ಕೇಳಿದಾಗ, ಈಗ ಪ್ರಯೋಗಾಲಯದ ಮುಖ್ಯಸ್ಥೆಯಾಗಿರುವ ವೈದ್ಯೆ ಹೇಳಿದ್ದರಂತೆ: ರೋಗಾಣುವಿಗಿಂತ ಕೆಲವೊಮ್ಮೆ ಅದರ ಮೇಲೆ ಮುಗಿಬೀಳುವ ದೇಹದ ಕಾವಲು ಪಡೆಯೇ ಹೆಚ್ಚು ಹಾನಿ ಮಾಡುತ್ತದೆ. ಒಬ್ಬೊಬ್ಬರಲ್ಲಿ ಅದು ಒಂದೊಂದು ಥರ. ಅದು ಯಾಕೆಂದು ತಿಳಿಯಲೆಂದೇ ನಮಗೆ ಮಾದರಿಗಳು ಬೇಕು.

ಮಗಳು ಯಾರಿಗೂ ಮಾದರಿ ಕೊಡಲಿಲ್ಲ. ನರ್ಸುಗಳು ಕೈಚೆಲ್ಲಿದ ಮೇಲೆ ತಾಯಿಯೇ ಮಗ್ಗು ಹಿಡಿದು ಕೂತರು. ಮೂರನೇ ದಿನಕ್ಕೆ ವಾರ್ಡಿನ ಉಳಿದ ತಾಯಂದಿರೂ ಇವರನ್ನೇ ಕರೆಯತೊಡಗಿದರು. ಮಗಳು ಮನೆಗೆ ಹೋಗುವ ದಿನ ವೈದ್ಯೆ ಕೆಲಸಕ್ಕೆ ಬರುತ್ತೀರಾ ಎಂದು ಕೇಳಿದರು. ಆ ಮಗಳಿಗೆ ಈಗ ಇಪ್ಪತ್ತಾರು, ಮಕ್ಕಳಿಗೆ ಈಜು ಕಲಿಸುತ್ತಾಳೆ. ಕಲೆ ಹಾಗೇ ಇದೆ, ವರ್ಷಕ್ಕೊಮ್ಮೆ ತಪಾಸಣೆ ತಪ್ಪಿಸುವಂತಿಲ್ಲ. “ಅಮ್ಮನ ಎದುರಿಗೆ ನೀರು ಕಮ್ಮಿ ಕುಡಿದ್ರೆ ಕಥೆ ಮುಗೀತು” ಎಂದು ಅವಳು ಗೊಣಗುತ್ತಾಳೆ.

ಹಾಲಕ್ಕನನ್ನು ಅಲುಗಾಡಿಸಿದ ಸಂಗತಿ ನಡೆದದ್ದು ನಾಲ್ಕು ವರ್ಷದ ಹಿಂದೆ. ಅವರಿಗೊಬ್ಬ ಅಣ್ಣ, ಬಸ್ ಚಾಲಕ. ಒಂದು ಭಾನುವಾರ ಅಣ್ಣನ ಮನೆಗೆ ಊಟಕ್ಕೆ ಹೋದವರು ಕೈತೊಳೆಯಲು ಬಚ್ಚಲಿಗೆ ಹೋದರು. ಕಮೋಡಿನ ಅಂಚಿನಲ್ಲಿ ತೆಳುಗುಲಾಬಿ ಬಣ್ಣದ ಕಲೆ. ದಿನಾ ಮೂತ್ರದ ಬಟ್ಟಲು ನೋಡುವ ಕಣ್ಣಿಗೆ ಅಷ್ಟು ಸಾಕಾಯಿತು.

“ಅಣ್ಣ, ಎಷ್ಟು ದಿನದಿಂದ?”

“ಏನು ಎಷ್ಟು ದಿನದಿಂದ? ಬೀಟ್‌ರೂಟು ತಿಂದಿದ್ದೆ.”

ಅವರು ಅಡುಗೆಮನೆಯ ಕಡೆ ತಿರುಗಿ, “ಅತ್ತಿಗೆ, ಈ ವಾರ ಬೀಟ್‌ರೂಟ್ ಮಾಡಿದ್ರಾ?” ಎಂದರು.

“ಇಲ್ವಲ್ಲ. ಯಾಕೆ?”

ಅಣ್ಣ ತಲೆ ತಗ್ಗಿಸಿದರು. ಐದು ತಿಂಗಳಿಂದ ಮುಚ್ಚಿಟ್ಟಿದ್ದರು. ಮರುದಿನವೇ ತಂಗಿ ಅವರನ್ನು ಆಸ್ಪತ್ರೆಗೆ ಎಳೆದೊಯ್ದರು. ಮೂತ್ರಕೋಶದಲ್ಲಿ ಗೆಡ್ಡೆ ಬೆಳೆದಿತ್ತು, ಸ್ನಾಯುವಿನವರೆಗೂ ಇಳಿದಿತ್ತು. ಮೂತ್ರಕೋಶವನ್ನೇ ತೆಗೆದು, ಮೂತ್ರ ತುಂಬಿಕೊಳ್ಳಲು ಹೊಟ್ಟೆಗೆ ಹೊರಗಿನಿಂದ ಚೀಲ ಅಂಟಿಸಬೇಕು ಎಂದರು ವೈದ್ಯರು.

ಚೀಲದ ಮಾತು ಕೇಳಿದ್ದೇ ಅಣ್ಣ ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡದೆ ಮನೆಗೆ ಬಂದರು. ಅಷ್ಟರಲ್ಲಿ ಯಾರೋ ಹೇಳಿದರು, ನಿನ್ನ ತಂಗಿ ಹೊರುವ ಹಾಲಿನಲ್ಲೇ ಮದ್ದಿದೆಯಂತಲ್ಲ. ಅಂದೇ ಸಂಜೆ ಅವರು ತಂಗಿಯ ಮನೆಗೆ ಬಂದರು.

“ದಿನಾ ಎರಡು ಲೀಟರ್ ಹೊರ್ತೀಯ. ನನಗೆ ಒಂದೇ ಒಂದು ಸೀಸೆ ಕೊಡು.”

“ಆ ಹಾಲು ಕುಡಿದ್ರೆ ಹೊಟ್ಟೆ ತುಂಬುತ್ತೆ, ಅಷ್ಟೇ ಅಣ್ಣ. ಹಾಲೇ ಔಷಧಿ ಅಲ್ಲ. ಅದರಿಂದ ಏನೋ ಒಂದನ್ನ ಬೇರೆ ಮಾಡಿ, ಬೇರೆ ಥರ ಮಾಡ್ತಾರೆ. ಅದೂ ಇನ್ನೂ ಪರೀಕ್ಷೆಲಿದೆ.”

“ನಿನಗೆ ಕೊಡೋಕೆ ಮನಸ್ಸಿಲ್ಲ ಅನ್ನು.”

ಮರುದಿನ ಅತ್ತಿಗೆ ಬಂದು ಕಣ್ಣೀರಿಟ್ಟರು. ಹಾಲಕ್ಕ ಸುಮ್ಮನೆ ಕೂರಲಿಲ್ಲ. ಅಣ್ಣನ ಕಾಗದಗಳನ್ನೆಲ್ಲ ತೆಗೆದುಕೊಂಡು ಹೋಗಿ ಮುಖ್ಯಸ್ಥೆಯ ಮುಂದಿಟ್ಟರು. ಪ್ರಯೋಗದ ಚಿಕಿತ್ಸೆಗೆ ಸೇರಿಸಿಕೊಳ್ಳುವುದು ಒಳಪದರದಲ್ಲೇ ಇರುವ ಸಣ್ಣ ಗೆಡ್ಡೆಯವರನ್ನು ಮಾತ್ರ, ಇವರದು ಆ ಹಂತ ದಾಟಿದೆ, ತಡ ಮಾಡದೆ ಶಸ್ತ್ರಚಿಕಿತ್ಸೆ ಮಾಡಿಸಿ ಎಂದರು ಅವರು. ಆ ವಾರವಿಡೀ ಪೆಟ್ಟಿಗೆ ಎಂದಿಗಿಂತ ಭಾರವಾಗಿತ್ತು ಎನ್ನುತ್ತಾರೆ ಹಾಲಕ್ಕ. ಒಂದು ಸೀಸೆ ತೆಗೆದು, ಒಡೆಯಿತು ಎಂದು ಪುಸ್ತಕದಲ್ಲಿ ಬರೆದಿದ್ದರೆ ಯಾರೂ ಕೇಳುತ್ತಿರಲಿಲ್ಲ.

“ಬರೀಬೇಕು ಅನ್ನಿಸ್ತಾ?” ಎಂದು ಕೇಳುತ್ತೇನೆ.

“ಅನ್ನಿಸ್ತು. ಪೆನ್ನೂ ತೆಗೆದಿದ್ದೆ. ಆಮೇಲೆ ಯೋಚನೆ ಬಂತು, ಇದನ್ನ ಕುಡಿದು ಅವನು ವಾಸಿ ಆಗ್ತೀನಿ ಅಂತ ಕೂತುಬಿಟ್ರೆ? ಆಪರೇಷನ್ನೇ ಬೇಡ ಅಂದ್ರೆ? ಪೆನ್ನು ಒಳಗಿಟ್ಟೆ.”

ಅಣ್ಣ ಕೊನೆಗೆ ಶಸ್ತ್ರಚಿಕಿತ್ಸೆಗೆ ಒಪ್ಪಿದರು, ಆದರೆ ತಂಗಿಯ ಜೊತೆ ಮಾತು ಬಿಟ್ಟರು. ಏಳು ತಿಂಗಳು ಫೋನಿಲ್ಲ, ಹೋಗಿಬರುವುದೂ ಇಲ್ಲ. ಹಾಲಕ್ಕ ಅತ್ತಿಗೆಯಿಂದ ಸುದ್ದಿ ತಿಳಿಯುತ್ತಿದ್ದರು. ಒಂದು ಮಧ್ಯಾಹ್ನ ವಾರ್ಡಿನಲ್ಲಿದ್ದಾಗ ಫೋನು ಬಂತು. ಬಸ್ ನಿಲ್ದಾಣದ ಶೌಚಾಲಯದಿಂದ ಅಣ್ಣನ ದನಿ.

“ಚೀಲ ಬಿಟ್ಕೊಂಡಿದೆ. ಪ್ಯಾಂಟೆಲ್ಲ ಒದ್ದೆ. ಹೊರಗೆ ಬರೋಕಾಗ್ತಿಲ್ಲ.”

“ಬಾಗಿಲು ಹಾಕ್ಕೊಂಡು ಅಲ್ಲೇ ಇರು. ಬಂದೆ.”

ಟವೆಲು, ಹೊಸ ಚೀಲ, ದಾರಿಯಲ್ಲಿ ಮನೆಗೆ ಹೊಕ್ಕು ಗಂಡನ ಒಂದು ಪ್ಯಾಂಟು ಹಿಡಿದು ಹೋದರು. ಚರ್ಮ ಒರೆಸಿ, ಒಣಗಿಸಿ, ಅಂಚು ಒತ್ತಿ ಕೂರಿಸುವುದನ್ನು ನಿಧಾನವಾಗಿ ತೋರಿಸಿಕೊಟ್ಟರು. ಹಳೆಯ ವಿಷಯ ಇಬ್ಬರೂ ಎತ್ತಲಿಲ್ಲ. ಭಾವನ ಪ್ಯಾಂಟು ಗಿಡ್ಡವಾಯಿತೆಂದು ಅಣ್ಣ ಬೈದುಕೊಂಡೇ ಮನೆಗೆ ಹೋದರಂತೆ.

ಅವರೀಗ ಡಿಪೋದ ನಿಯಂತ್ರಣ ಕೊಠಡಿಯಲ್ಲಿ ಕೂತು ಬಸ್ಸುಗಳ ಸಮಯ ನೋಡಿಕೊಳ್ಳುತ್ತಾರೆ. ಈವರೆಗಿನ ತಪಾಸಣೆಗಳಲ್ಲಿ ಗೆಡ್ಡೆ ಮರಳಿಲ್ಲ. ತಂಗಿಯ ಬಗ್ಗೆ ಕೇಳಿದರೆ ಕಿಟಕಿಯಾಚೆ ನೋಡುತ್ತಾ ಹೇಳುತ್ತಾರೆ: “ಅವತ್ತು ಕೊಟ್ಟಿದ್ರೆ ಕುಡೀತಿದ್ದೆ. ಕುಡಿದು ಆಪರೇಷನ್ ಮುಂದಕ್ಕೆ ಹಾಕ್ತಿದ್ದೆ. ನನ್ನ ಬುದ್ಧಿ ನನಗೆ ಗೊತ್ತು. ಇದನ್ನ ಅವಳಿಗೆ ಹೇಳಿಲ್ಲ. ನೀವು ಬರೆದ್ರೆ ಓದ್ಕೊಳ್ಳಲಿ.”

ಪ್ರಯೋಗಾಲಯದ ಒಳಕೋಣೆಗೆ ಹಾಲಕ್ಕನಿಗೆ ಪ್ರವೇಶವಿಲ್ಲ. ಹೊರಗಿನ ಧೂಳು ಒಳಗೆ ಹೋಗಬಾರದು. ಹೋದ ವರ್ಷ ಸಂಶೋಧಕಿಯೊಬ್ಬಳು ಅವರಿಗೆ ಗೌನು ತೊಡಿಸಿ, ತಲೆಗೆ ಟೋಪಿ ಹಾಕಿ, ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಗೆಡ್ಡೆಯ ಕೋಶಗಳು ಒಂದೊಂದಾಗಿ ಮುದುಡಿ, ಗುಳ್ಳೆಗುಳ್ಳೆಯಾಗಿ ಒಡೆಯುತ್ತಿದ್ದವು. ಅವರು ಕೇಳಿದ್ದು ಒಂದೇ ಪ್ರಶ್ನೆ: ಇದು ಯಾರ ಹಾಲು? ಹನ್ನೊಂದು ತಾಯಂದಿರ ಹಾಲು ಬೆರೆಸಿದ್ದು ಎಂದು ಹೇಳಿ, ಸಂಗ್ರಹವಾದ ವಾರವನ್ನು ಅವಳು ಓದಿದಳು.

“ಆ ವಾರ ಯಾರ್ಯಾರ ಮನೆಯಿಂದ ತಂದಿದ್ದೆ ಅಂತ ನನಗೆ ಗೊತ್ತು” ಎನ್ನುತ್ತಾರೆ ಹಾಲಕ್ಕ, ಖಾಲಿ ಪೆಟ್ಟಿಗೆ ತೊಳೆದು ಬಿಸಿಲಿಗೆ ಬೋರಲು ಹಾಕುತ್ತಾ. “ಒಂದೊಂದು ಬಾಗಿಲಿಗೂ ಹೋಗಿ, ನಿಮ್ಮ ಹಾಲು ಕೆಲಸ ಮಾಡ್ತಮ್ಮ ಅಂತ ಹೇಳ್ಬೇಕು ಅನ್ಸುತ್ತೆ. ಹೇಳೋ ಹಾಗಿಲ್ಲ, ರೂಲ್ಸು. ಅದಕ್ಕೇ ಅವರಲ್ಲಿ ಯಾರಾದ್ರೂ ದಾರೀಲಿ ಸಿಕ್ಕಿದ್ರೆ ಸ್ವಲ್ಪ ಜಾಸ್ತಿ ಹೊತ್ತು ನಿಂತು ಮಾತಾಡ್ತೀನಿ. ಯಾಕೆ ಅಂತ ಅವರಿಗೆ ಗೊತ್ತಾಗಲ್ಲ.”