ಮೀನುಗಳು ಬಾಯಿ ತೆರೆದ ಬೆಳಗು

ಸುಣ್ಣದ ಹರಳಿಗೆ ನೀರು ಬಿದ್ದಾಗ ಏಳುವ ವಾಸನೆ ನಿಮಗೂ ನೆನಪಿರಬಹುದು. ಹಬ್ಬದ ಮುಂಚೆ ಅಂಗಳದ ಡ್ರಮ್ಮಿನಲ್ಲಿ ಸುಣ್ಣ ಕೊತಕೊತ ಕುದಿಯುತ್ತಿದ್ದ ಕಾಲದವರಿಗೆ ಅದು ಹೊಸ ಗೋಡೆಯ, ಹೊಸ ಬಟ್ಟೆಯ ವಾಸನೆ. ನನಗೆ ಹಾಗಲ್ಲ. ಮೊನ್ನೆ ರಾಯಚೂರಿನ ನಮ್ಮ ಓಣಿಯ ಕೊನೆಯಲ್ಲಿ ಯಾರೋ ಹಳೆಯ ಗೋದಾಮಿಗೆ ಸುಣ್ಣ ಬಳಿಸುತ್ತಿದ್ದರು. ಗಂಟಲು ಕೆರೆಯುವ ಆ ಬಿಸಿ ವಾಸನೆ ಮೂಗಿಗೆ ಬಡಿದದ್ದೇ ಕೈಯಲ್ಲಿದ್ದ ತರಕಾರಿ ಚೀಲ ಕೆಳಗಿಟ್ಟು ಗೋಡೆ ಹಿಡಿದು ನಿಂತೆ. ಅದರ ಅಡಿಯಲ್ಲಿ ಇನ್ನೊಂದು ವಾಸನೆ ಇರಬೇಕಿತ್ತು, ಬಿಸಿಲಿಗೆ ಕೊಳೆತ ಮೀನಿನದು. ಅದು ಅಲ್ಲಿರಲಿಲ್ಲ. ಆದರೂ ನನಗೆ ಬಂತು.

ಮಾನ್ವಿಯ ಹೊರಗೆ, ಕಾಲುವೆಯ ನೀರು ಬಸಿದು ಬಸಿದು ಜೌಗಾದ ಎರೆಹೊಲದ ಪಕ್ಕಕ್ಕೆ ನಮ್ಮ ಮನೆ ಇತ್ತು. ನಾವು ಅಂಬಿಗರು. ಅಜ್ಜ ಇರುವವರೆಗೆ ತುಂಗಭದ್ರೆಯಲ್ಲಿ ಬಲೆ ಹಾಕಿ ಬದುಕಿದವರು. ಅಜ್ಜ ತೀರಿದ ಮೇಲೆ, ಎಪ್ಪತ್ತರ ದಶಕದ ಕೊನೆಯಲ್ಲಿ, ಜೋಳ ಏಳದ ಆ ಹೊಲದಲ್ಲಿ ಅಪ್ಪನ ತಮ್ಮ, ನನ್ನ ಕಾಕಾ, ಹೊಂಡ ತೋಡಿಸಿ ಕಾಟ್ಲಾ, ರೋಹು ಮೀನಿನ ಮರಿ ತಂದು ಬಿಟ್ಟ. ನನ್ನ ಅಪ್ಪ, ಅವ್ವ ರಾಯಚೂರಿನ ಅಕ್ಕಿ ಗಿರಣಿಯಲ್ಲಿ ದುಡಿಯುತ್ತಿದ್ದರಿಂದ ನನ್ನನ್ನು ಆಯಿಯ, ಅಂದರೆ ಅಪ್ಪನ ಅವ್ವನ ಹತ್ತಿರ ಬಿಟ್ಟಿದ್ದರು. ಮನೆಯಲ್ಲಿ ಆಯಿ, ಕಾಕಾ, ಕಾಕಾನ ಹೆಂಡತಿ ಅಂಬಮ್ಮ ಚಿಗವ್ವ, ಮತ್ತು ನಾನು. ಮಣ್ಣಿನ ಮಾಳಿಗೆಯ ಆ ಮನೆಯ ತಂಪು, ಮೂಲೆಯ ಗಡಿಗೆಯಲ್ಲಿ ನೆನೆಯುತ್ತಿದ್ದ ಶೇಂಗಾ ಹಿಂಡಿಯ ಹುಳಿ, ಗೂಟಕ್ಕೆ ತೂಗಿದ್ದ ಅಜ್ಜನ ಒಣ ಬಲೆಯ ಹೊಳೆ ನಾತ, ಇವೆಲ್ಲ ಈಗಲೂ ನನ್ನ ಮೈಯಲ್ಲಿವೆ. ಅಂಥ ಒಂದು ಮನೆ ಕಳೆದುಕೊಂಡವರಿಗೆ ನಾನು ಹೆಚ್ಚು ಹೇಳಬೇಕಿಲ್ಲ.

ಹೊಂಡದ ನೀರು ನೋಡುವ ಒಂದು ರೀತಿಯನ್ನು ಮೀನು ಇಲಾಖೆಯ ಮನುಷ್ಯನೊಬ್ಬ ಕಾಕಾನಿಗೆ ಕಲಿಸಿ ಹೋಗಿದ್ದ. ಸಗಣಿ ಹಾಕಿದರೆ ನೀರು ಹಸಿರಾಗುತ್ತದೆ, ಆ ಹಸಿರೇ ಮೀನಿಗೆ ಮೇವು. ತೋಳನ್ನು ಮೊಳಕೈವರೆಗೆ ಮುಳುಗಿಸಿದಾಗ ಅಂಗೈ ಆಗಷ್ಟೇ ಮರೆಯಾದರೆ ನೀರು ಹದವಾಗಿದೆ. ಅದಕ್ಕಿಂತ ಮೊದಲೇ ಮರೆಯಾದರೆ ಸಗಣಿ ನಿಲ್ಲಿಸಬೇಕು. ಕಾಕಾ ಈ ಕೆಲಸವನ್ನು ಚಿಗವ್ವನಿಗೆ ಹಚ್ಚಿದ್ದ. ದಿನಾ ಬೆಳಿಗ್ಗೆ ಅವಳು ಸೆರಗು ಬಿಗಿದು ದಂಡೆಯಲ್ಲಿ ಕುಳಿತು ಬಲಗೈ ಇಳಿಸುತ್ತಿದ್ದಳು. ಮೊದಲು ಬೆರಳು ಮಸುಕಾಗುತ್ತಿದ್ದವು, ಆಮೇಲೆ ಹಸಿರು ಬಳೆಗಳು ಹಸಿರು ನೀರಿನೊಳಗೆ ಕರಗಿದಂತೆ ಕಾಣುತ್ತಿದ್ದವು. ಕಾಕಾ ನಗುತ್ತಿದ್ದ. "ಬಳಿ ಮೀನ ನುಂಗ್ಯಾವ ನೋಡಲೇ, ಈ ಸಲ ನಾ ಕೊಡಸಂಗಿಲ್ಲ." ಆ ದಿನಗಳಲ್ಲಿ ಅವನು ಅವಳೊಂದಿಗೆ ನಗುತ್ತಿದ್ದ ಎಂಬುದನ್ನು ನಾನು ಮರೆಯದೆ ಬರೆಯಬೇಕು.

ಚಿಗವ್ವನಿಗೆ ಮಕ್ಕಳಾಗಿರಲಿಲ್ಲ. ಆಯಿ ಅದನ್ನು ದಿನಕ್ಕೊಂದು ರೀತಿಯಲ್ಲಿ ನೆನಪಿಸುತ್ತಿದ್ದಳು. ಒಂದು ಸಂಜೆ ಚಿಗವ್ವ ಹೊಂಡಕ್ಕೆ ತೌಡು ಚೆಲ್ಲುತ್ತಿದ್ದಾಗ ಆಯಿ ದಂಡೆಯ ಮೇಲಿಂದಲೇ ಕೇಳಿದಳು. "ಮೀನರ ಮರಿ ಹಾಕ್ತಾವ. ನೀ ಯಾವಾಗ ಹಾಕ್ತಿಯವ್ವ?"

ಚಿಗವ್ವ ತಿರುಗಿ ನೋಡಲಿಲ್ಲ. "ಇವೂ ಹಾಕಂಗಿಲ್ಲಂತ್ರಿ ಅತ್ತಿ, ನಿಂತ ನೀರಾಗ. ಇಲಾಖಿಯವ್ರು ಹೇಳ್ಯಾರ."

ಆ ಮಾತು ನಿಜವೇ ಆಗಿತ್ತು. ಆ ಮೀನುಗಳು ಹರಿಯುವ ಹೊಳೆಯಲ್ಲಿ ಮಾತ್ರ ಮರಿ ಮಾಡುತ್ತವೆ. ನಾನು ನಕ್ಕೆ. ಆಯಿ ನಗಲಿಲ್ಲ. ಎಲೆ ಅಡಿಕೆ ಉಗುಳಿ ಒಳಗೆ ಹೋದಳು. ಅವಳು ಆ ಮಾತನ್ನು ಎಲ್ಲಿ ಇಟ್ಟುಕೊಂಡಳೆಂದು ನನಗೆ ಆಮೇಲೆ ತಿಳಿಯಿತು.

ಹೊಳೆಯಿಂದ ನಾವು ಒಂದು ಕಟ್ಟಳೆಯನ್ನೂ ಹೊತ್ತು ತಂದಿದ್ದೆವು. ಹೊರಗಾದ ಹೆಂಗಸು ಬಲೆ ಮುಟ್ಟಬಾರದು, ಹರಿಗೋಲು ಹತ್ತಬಾರದು, ಮೀನಿರುವ ನೀರಿಗೆ ಇಳಿಯಬಾರದು, ಅವಳ ನೆರಳೂ ಬೀಳಬಾರದು. ಆ ದಿನಗಳಲ್ಲಿ ಚಿಗವ್ವ ಹೊಂಡದಿಂದ ಆಚೆ, ಜಾಲಿಗಿಡದ ಕೆಳಗಿನ ಗುಡಿಸಲಿನಲ್ಲಿ ಮಲಗುತ್ತಿದ್ದಳು. ಆ ಸಲ ಮಳೆಗಾಲದ ಮೋಡ ಮುಚ್ಚಿತ್ತು, ಹನಿ ಬೀಳುತ್ತಿರಲಿಲ್ಲ, ಎಲೆ ಅಲುಗುತ್ತಿರಲಿಲ್ಲ. ಹೊರಗೆ ಕೂರುವ ಮುಂಚಿನ ದಿನವೇ ಅವಳು ಕಾಕಾನಿಗೆ ಹೇಳಿದ್ದಳು, ಮಣಿಕಟ್ಟು ಮುಳುಗುವಷ್ಟರಲ್ಲೇ ಕೈ ಕಾಣವಲ್ದು ಎಂದು. ಕಾಕಾ ಕೇಳಲಿಲ್ಲ. ರಾಯಚೂರಿನ ವ್ಯಾಪಾರಿ ಬರುವುದರೊಳಗೆ ಮೀನು ದಪ್ಪಗಾಗಬೇಕಿತ್ತು. ಅವಳು ಗುಡಿಸಲಿನಲ್ಲಿದ್ದಾಗ ಅವನು ಬಂಡಿಗಟ್ಟಲೆ ಹಸಿ ಸಗಣಿ ತಂದು ಹೊಂಡಕ್ಕೆ ಸುರಿದ. ನಾನು ಆ ಬಂಡಿಯ ಮೇಲೆ ಕುಳಿತು ಬಂದವಳು, ನನ್ನ ಕಣ್ಣಾರೆ ಕಂಡದ್ದು. ಹೊಳೆಯ ಮಂದಿಗೆ ನೀರನ್ನು ಕಾಯುವುದು ಗೊತ್ತಿರಲಿಲ್ಲ. ಹೊಳೆ ತನ್ನನ್ನು ತಾನೇ ತೊಳೆದುಕೊಳ್ಳುತ್ತಿತ್ತು. ನೀರಿಗೂ ಉಸಿರು ಕಟ್ಟುತ್ತದೆಂದು ಅಲ್ಲಿ ಯಾರೂ ಕಲಿತಿರಲಿಲ್ಲ.

ಅದಾದ ಎರಡನೇ ದಿನ ಬೆಳಕು ಹರಿಯುವ ಹೊತ್ತಿಗೆ ಚಹಾದ ಲೋಟ ಹಿಡಿದು ಗುಡಿಸಲಿಗೆ ಹೊರಟೆ. ದಂಡೆ ಹತ್ತಿದಾಗ ಹೊಂಡದ ತುಂಬ ಹನಿ ಬೀಳುತ್ತಿದ್ದಂತೆ ಕಂಡಿತು. ಮಳೆ ಬಂತು ಎಂದುಕೊಂಡೆ. ತಲೆ ಮುಟ್ಟಿ ನೋಡಿದರೆ ಕೂದಲು ಒಣಗಿತ್ತು. ಅವು ಹನಿಗಳಲ್ಲ, ಬಾಯಿಗಳು. ನೀರಿನ ಮೇಲೆಲ್ಲ ಮೀನುಗಳು ಬಾಯಿ ತೆರೆದು ಮುಚ್ಚಿ ತೆರೆದು ಗಾಳಿ ನುಂಗುತ್ತಿದ್ದವು. ಕಾಗೆ, ಕೊಕ್ಕರೆ ಇಳಿದು ಅವುಗಳ ಕಣ್ಣು ಕುಕ್ಕುತ್ತಿದ್ದವು. ನಾನು ಕೂಗಿದೆ. ಚಿಗವ್ವ ಗುಡಿಸಲಿನಿಂದ ಎದ್ದು ಬಂದವಳು ಒಂದು ಕ್ಷಣ ದಂಡೆಯ ಮೇಲೆ ನಿಂತಳು. ತಾನು ಹೊರಗಾದವಳೆಂಬುದು ಆ ಕ್ಷಣ ಅವಳಿಗೆ ನೆನಪಿತ್ತೋ ಇಲ್ಲವೋ ನನಗೆ ತಿಳಿಯದು. ಕೈಗೆ ಸಿಕ್ಕ ಕೊಡ ತೆಗೆದುಕೊಂಡು ಸೊಂಟದವರೆಗೆ ಇಳಿದು, ಹಕ್ಕಿ ಓಡಿಸಲು ನೀರನ್ನು ಬಡಿಯತೊಡಗಿದಳು. ಬಡಿದು ಬಡಿದು ಅವಳ ಬಳೆ ಒಡೆದು ಕೈಯಿಂದ ರಕ್ತ ಸೋರಿತು. ಅವಳ ಸುತ್ತ ನೀರು ನೊರೆಯಾದಲ್ಲಿ ಕೆಲವು ಮೀನು ಒಳಗಿಳಿದದ್ದನ್ನೂ ನಾನು ಕಂಡೆ.

ಆಯಿ, ಕಾಕಾ ಓಡಿ ಬಂದಾಗ ಕಂಡದ್ದು ನೀರಿನಲ್ಲಿದ್ದ ಹೊರಗಾದ ಹೆಂಗಸನ್ನು, ಮತ್ತು ಸುತ್ತ ಬೆಳ್ಳಗೆ ಹೊಟ್ಟೆ ಮೇಲಾದ ಮೀನುಗಳನ್ನು. ಕಾಕಾ ನೀರಿಗಿಳಿಯಲಿಲ್ಲ. ದಂಡೆಯಲ್ಲಿ ಒಣಗಿದ್ದ ಸಗಣಿಯ ಕಲೆಯನ್ನು ನೋಡಿದ, ಆಮೇಲೆ ಆಯಿಯ ಮುಖ ನೋಡಿದ. ಮಾತಾಡಿದವಳು ಆಯಿ.

"ಹೊರಗಾದಾಕಿ ಇಳದ್ಯಲ್ಲ. ತಿಂದಿ. ಎಲ್ಲಾನೂ ತಿಂದಿ. ಈಗ ನೀನ ತಗಿ. ಮೈಲಿಗಿ ಮೀನ ಮತ್ಯಾರು ಮುಟ್ಟಂಗಿಲ್ಲ."

ಆ ಇಡೀ ದಿನ ಚಿಗವ್ವ ಒಬ್ಬಳೇ ಸತ್ತ ಮೀನು ಬುಟ್ಟಿಗೆ ತುಂಬಿ ದಂಡೆ ಹತ್ತಿಸಿದಳು. ಮಧ್ಯಾಹ್ನಕ್ಕೆ ಮೋಡ ಒಡೆದು ಬಿಸಿಲು ಬಿತ್ತು. ಓಣಿಯ ಮಂದಿ ಮೂಗಿಗೆ ಸೆರಗು ಹಿಡಿದು ನಿಂತು ನೋಡಿದರು. ನಾನು ಒಂದು ಬುಟ್ಟಿಗೆ ಕೈ ಹಾಕಿದಾಗ ಆಯಿ ನನ್ನ ಜಡೆ ಹಿಡಿದು ಎಳೆದಳು. ಹೂಳಲು ತೋಡಿದ ಗುಂಡಿಯಲ್ಲಿ ಮೀನು ಸುರಿದಾದ ಮೇಲೆ ಸುಣ್ಣದ ಹರಳು ಚೆಲ್ಲಿ ನೀರು ಹಾಕುವ ಕೆಲಸವೂ ಚಿಗವ್ವನದೇ. ಸುಣ್ಣ ಕುದಿಯಿತು. ಒಡೆದ ಬಳೆ ಕೊಯ್ದ ಕೈಗೆ ಅದು ಸಿಡಿದು ತಾಗಿದಾಗಲೂ ಅವಳು ಕೂಗಲಿಲ್ಲ, ತುಟಿ ಮಾತ್ರ ಮೀನಿನಂತೆ ತೆರೆದುಕೊಂಡಿತು.

ಸಂಜೆ ನಾನು ಆಯಿಯ ಹತ್ತಿರ ಹೋಗಿ ಹೇಳಿದೆ. ಚಿಗವ್ವ ಇಳಿಯುವುದಕ್ಕಿಂತ ಮೊದಲೇ ಮೀನು ಬಾಯಿ ತೆರೆದಿದ್ದವು, ನಾ ನೋಡೀನಿ ಎಂದೆ. ಆಯಿ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ.

"ನನಗ ಗೊತ್ತದ," ಎಂದಳು. "ಬಾಯಿ ಮುಚ್ಚು."

ಅದೇ ವಾರ ಚಿಗವ್ವನ ಅಣ್ಣನನ್ನು ಕರೆಸಿ ಅವಳನ್ನು ದೇವದುರ್ಗಕ್ಕೆ ಕಳಿಸಿದರು. ಕಾಕಾ ಬಸ್ ನಿಲ್ದಾಣದವರೆಗೂ ಬರಲಿಲ್ಲ. ಆಮೇಲೆ ಇಲಾಖೆಯವನು ಬಂದು ದಂಡೆಯ ಕಲೆ ನೋಡಿ ಇದು ಸಗಣಿ ಹೆಚ್ಚಾಗಿ ನೀರಿಗೆ ಗಾಳಿ ಸಾಲದೆ ಆದದ್ದು ಎಂದ. ಯಾರಾದರೂ ಇಳಿದು ನೀರು ಬಡಿದಿದ್ದರೆ ಅಷ್ಟಿಷ್ಟು ಉಳಿಯುತ್ತಿದ್ದವು ಎಂದೂ ಹೇಳಿದ. ಕಾಕಾ ತಲೆಯಾಡಿಸಿ ಅವನಿಗೆ ಚಹಾ ತರಿಸಿದ. ಮನೆಯಲ್ಲಿ ಆಗಲೇ ಹೊಸ ಹೆಣ್ಣಿನ ಮಾತು ನಡೆದಿತ್ತು. ಹೊಸ ಚಿಗವ್ವ ಬಂದಳು, ಮಕ್ಕಳನ್ನು ಹೆತ್ತಳು. ಹೊಂಡಕ್ಕೆ ಮತ್ತೆ ಮೀನು ಬಿದ್ದವು. ಕೈ ಇಳಿಸಿ ನೋಡುವ ಕೆಲಸ ಹೊಸಬಳಿಗೆ ಬಂತು.

ನಾನು ದೇವದುರ್ಗಕ್ಕೆ ಹೋದದ್ದು ಎಂಬತ್ತರ ದಶಕ ಮುಗಿಯುತ್ತ ಬಂದಾಗ, ರಾಯಚೂರಿನಲ್ಲಿ ಕಾಲೇಜು ಓದುತ್ತಿದ್ದಾಗ. ಅಷ್ಟರಲ್ಲಿ ಆಯಿ ಸತ್ತಿದ್ದಳು. ಕಾಕಾ ಹೊಂಡ ಮುಚ್ಚಿಸಿ ಗದ್ದೆ ಮಾಡಿ, ಅದನ್ನೂ ಮಾರಿ ಊರು ಬಿಟ್ಟಿದ್ದ. ಮನೆಯ ಮಣ್ಣು ಕರಗಿ ಬರೀ ದಿಬ್ಬವಾಗಿತ್ತು. ಚಿಗವ್ವ ಅಣ್ಣನ ಅಂಗಳದಲ್ಲಿ ಬಾವಿಯಿಂದ ದೂರ ಖಾಲಿ ಕೊಡ ಇಟ್ಟುಕೊಂಡು ಕುಳಿತಿದ್ದಳು. ಕೈಯಲ್ಲಿ ಸುಣ್ಣ ಸುಟ್ಟ ಬಿಳಿ ಕಲೆ ಹಾಗೇ ಇತ್ತು. ಅವಳ ಅತ್ತಿಗೆ ಹೊರಗೆ ಬಂದವಳು ನನಗೆ ಕೇಳಿಸುವಂತೆ ಹೇಳಿದಳು, "ನಮ್ಮ ಮಾರಾಣಿ ನೀರ ಸೇದಂಗಿಲ್ಲ. ಯಾರರ ಸೇದಿ ಕೊಡಬೇಕು."

ಅತ್ತಿಗೆ ಒಳಗೆ ಹೋದ ಮೇಲೆ ಚಿಗವ್ವ ಮೆಲ್ಲಗೆ ಹೇಳಿದಳು. "ಬಾವ್ಯಾಗ ಮೀನ ಅದಾವವ್ವ. ನನ್ನ ನೆಳ್ಳು ಅವಕ್ಕ ಯಾಕ ಬೇಕು."

ನಾನು ಎಲ್ಲವನ್ನೂ ಹೇಳಿದೆ. ಬಂಡಿಯ ಸಗಣಿ, ಮೊದಲೇ ತೆರೆದಿದ್ದ ಬಾಯಿಗಳು, ಇಲಾಖೆಯವನ ಮಾತು, ಆಯಿ ನನಗೆ ಅಂದದ್ದು. ಅವಳು ಕೊಡದ ಕಂಠವನ್ನು ಸೆರಗಿನಿಂದ ಒರೆಸುತ್ತ ಕೇಳಿದಳು.

"ನಿಮ್ಮ ಕಾಕಾಗೂ ಗೊತ್ತಿತ್ತೇನು?"

"ಗೊತ್ತಿತ್ತು ಚಿಗವ್ವ."

ಬಹಳ ಹೊತ್ತು ಒರೆಸಿದಳು, ಒರೆಸಲು ಅಲ್ಲಿ ಏನೂ ಇರದಿದ್ದರೂ. ಆಮೇಲೆ ಕೊಡವನ್ನು ನನ್ನ ಕಡೆ ಸರಿಸಿದಳು.

"ಆದ್ರೂ ನೀನ ಸೇದವ್ವ," ಎಂದಳು.

ನಾನು ಎದ್ದು ಹಗ್ಗ ಬಿಟ್ಟೆ. ಬಿಸಿಲು ಅವಳ ಬೆನ್ನಿಗಿತ್ತು. ಕೊಡ ತುಂಬಿ ಮೇಲೆ ಬರುವಾಗ ಅವಳೂ ಎದ್ದಳು. ತನ್ನ ನೆರಳು ಬಾವಿಯ ಕಟ್ಟೆಗೆ ತಾಗುತ್ತಿದೆಯೇ ಎಂದು ಬಗ್ಗಿ ನೋಡಿ, ಹಿಂದೆ ಸರಿದು ನಿಂತಳು.