ಇಳಿದೆ ಅಂತ ಹೇಳುವವರೆಗೆ ಮೀನಿಲ್ಲ

ನೌಕಾಪಡೆಯಲ್ಲಿ ನಾನು ಹೆಲಿಕಾಪ್ಟರ್ ಹಾರಿಸುತ್ತಿದ್ದೆ ಎಂದರೆ ಮಂಗಳೂರಿನ ಜೆಪ್ಪುವಿನ ನಮ್ಮ ಓಣಿಯಲ್ಲಿ ಇಂದಿಗೂ ಕೆಲವರು ನಂಬುವುದಿಲ್ಲ. "ನೇವಿಯಲ್ಲಿ ಹಡಗಲ್ವಾ ಇರುದು? ನೀವು ಹಾರಿದ್ದು ಎಂತಕ್ಕೆ?" ಎಂದು ಕೇಳುತ್ತಾರೆ. ಹಡಗಿನ ಹಿಂಬದಿಯಲ್ಲಿ ಒಂದು ಅಂಗಳದಷ್ಟು ಜಾಗ ಉಂಟು ಮಾರಾಯ್ರೇ, ಅದೂ ಅಲೆಯ ಜೊತೆ ಏಳುತ್ತದೆ, ಬೀಳುತ್ತದೆ, ಅಲ್ಲೇ ನಾವು ಇಳಿಯಬೇಕು ಎಂದು ವಿವರಿಸಿ ವಿವರಿಸಿ ನನಗೆ ಸಾಕಾಗಿದೆ.

ಅಮ್ಮನಿಗೆ ಮಾತ್ರ ಯಾವ ವಿವರಣೆಯೂ ಬೇಕಿರಲಿಲ್ಲ. ಮನೆಯವರನ್ನು ಹಡಗಿಗೆ ಕರೆದ ದಿನ ಆಕೆ ಆ ಅಂಗಳವನ್ನೂ ಅದರ ಕುಣಿತವನ್ನೂ ಕಣ್ಣಾರೆ ನೋಡಿದ್ದಳು. ನೋಡಿದವಳೇ ಒಂದು ಕಾನೂನು ಮಾಡಿದಳು. ಮಗ ಮೇಲಿರುವಾಗ ತಾನು ಮೀನು ಮುಟ್ಟುವುದಿಲ್ಲ. ನಾನು ಫೋನ್ ಮಾಡಿ "ಇಳಿದೆ" ಎನ್ನಬೇಕು, ಆಮೇಲೆಯೇ ಬಂಗುಡೆ ಮೀನು ಕಾವಲಿಯ ಮೇಲೆ. ಮಂಗಳೂರಿನವರಿಗೆ ಇದರ ತೂಕ ಗೊತ್ತು, ಉಳಿದವರಿಗಾಗಿ ಹೇಳುತ್ತೇನೆ: ನಮ್ಮಲ್ಲಿ ಮೀನಿಲ್ಲದ ಊಟವನ್ನು ಊಟ ಎನ್ನುವುದು ಬರೀ ಮರ್ಯಾದೆಗೆ.

ನನಗೋ ಫಜೀತಿ. ಹೆಲ್ಮೆಟ್ ಕಳಚುವ ಮೊದಲೇ ಫೋನಿನ ಹತ್ತಿರ ಓಡಬೇಕು. "ಹೆಂಡತಿಗಾ?" ಎಂದು ಗೆಳೆಯರು ಕಿಚಾಯಿಸಿದರೆ "ಅಲ್ಲ, ಬಂಗುಡೆಗೆ" ಎನ್ನುತ್ತಿದ್ದೆ. ಬರಬರುತ್ತ ಇಡೀ ಸ್ಕ್ವಾಡ್ರನ್ನಿಗೆ ಸುದ್ದಿ ಹಬ್ಬಿ, ನಾನು ತಡ ಮಾಡಿದರೆ ಅವರೇ ನನ್ನನ್ನು ಬೈದು ಅಟ್ಟುತ್ತಿದ್ದರು. ಹಡಗು ವಾರಗಟ್ಟಲೆ ಫೋನಿಲ್ಲದ ಕಡಲಿನಲ್ಲಿದ್ದರೆ ಅಮ್ಮನಿಗೂ ವಾರಗಟ್ಟಲೆ ತಿಳಿಸಾರು. ಬಂದರಿನಿಂದ ಬುಟ್ಟಿ ಹೊತ್ತು ಬರುವ ಮೀನಿನ ಹೆಂಗಸು ಗೇಟಿನಲ್ಲೇ ನಿಂತು "ಇಳಿದ್ರಾ ಇವತ್ತು?" ಎಂದು ಕೇಳಿ, ಇಲ್ಲವೆಂದರೆ ಮುಂದಿನ ಮನೆಗೆ ನಡೆಯುತ್ತಿದ್ದಳು.

ವಯಸ್ಸಾಯಿತು, ಬಡ್ತಿ ಬಂತು, ನನಗೊಂದು ಮೇಜು ಕೊಟ್ಟರು. ಯಾವ ಹೆಲಿಕಾಪ್ಟರ್ ಯಾವ ಕಡೆ ಹೋಗಬೇಕು, ಯಾರು ಹಾರಿಸಬೇಕು ಎಂದು ಗೊತ್ತುಮಾಡುವ ಕೆಲಸ. ಅಷ್ಟರಲ್ಲಿ ಯುದ್ಧ ಶುರುವಾಯಿತು. ನಮ್ಮ ಮೊಬೈಲ್‌ಗಳನ್ನೆಲ್ಲ ಕಿತ್ತುಕೊಂಡು ಪೆಟ್ಟಿಗೆಯಲ್ಲಿಟ್ಟರು. ಕಿಟಕಿಯಿಲ್ಲದ ಕೋಣೆ, ಗೋಡೆಯ ತುಂಬ ಬೋರ್ಡು, ಎದುರಿಗೆ ಉತ್ತರ ಭಾರತದ ಕಡೆಯ ಸಿಡುಕ ಸಾಹೇಬರು. ಹಾರುವಾಗ ನಾನು ಹೆದರಿದ್ದು ಕಡಿಮೆ. ಆ ಕುರ್ಚಿಯಲ್ಲಿ ಕೂತು, ನಾನೇ ಕಲಿಸಿದ ಹುಡುಗರ ಹೆಸರು ಬೋರ್ಡಿನಲ್ಲಿ ಬರೆಯುವಾಗ ನಿಜವಾಗಿ ಹೆದರಿದೆ.

ಕೊನೆಗೊಂದು ಸಂಜೆ ಸಾಹೇಬರು ತಮ್ಮ ಫೋನ್ ನನ್ನತ್ತ ತಳ್ಳಿ, ಚೆನ್ನಾಗಿದ್ದೇನೆ ಅಂತ ಮಾತ್ರ ಹೇಳು, ಬೇರೇನೂ ಬೇಡ ಎಂದರು. ಎತ್ತಿದವಳು ಅಕ್ಕ. ಅತ್ತಾವರದ ಆಸ್ಪತ್ರೆಯಲ್ಲಿ ದಿನವಿಡೀ ರೋಗಿಗಳನ್ನು ಗದರಿಸಿ ಪಳಗಿದ ನರ್ಸ್. ನನ್ನನ್ನು ಬಿಟ್ಟಾಳೆಯೇ?

"ಎಲ್ಲಿ ಸತ್ತಿದ್ದಿ ಮಾರಾಯ? ಟೀವಿಯಲ್ಲಿ ಹೆಲಿಕಾಪ್ಟರ್ ಕಂಡ್ರೆ ಸಾಕು, ಅಮ್ಮ ನನ್ನ ಮಗ ಅಂತಾಳೆ. ಯುದ್ಧ ಮುಗಿಯುವವರೆಗೆ ಗಂಜಿ, ಉಪ್ಪಿನಕಾಯಿ ಅಷ್ಟೇ ಅಂತೆ. ಮೊನ್ನೆ ಅಡುಗೆಕೋಣೆಯಲ್ಲಿ ತಲೆ ತಿರುಗಿ ಬಿದ್ದಳು. ಡಾಕ್ಟ್ರು ಹೇಳಿದ್ರೂ ಕೇಳುದಿಲ್ಲ. ನೀನೇ ಹೇಳು!"

ಅಮ್ಮನಿಗೆ ಫೋನ್ ಕೊಡು ಎಂದೆ. ಅಮ್ಮ ಫೋನಿಗೆ ಬಂದಾಗ ಸಾಹೇಬರ ಅಪ್ಪಣೆ ಮರೆತೇಹೋಯಿತು. ಪುಣ್ಯಕ್ಕೆ ನಾವು ಮಾತಾಡಿದ್ದು ತುಳುವಿನಲ್ಲಿ, ಅವರಿಗೆ ಒಂದಕ್ಷರ ತಿಳಿಯಲಿಲ್ಲ.

"ಅಮ್ಮಾ, ನಾನು ಹಾರುದೇ ಇಲ್ಲ. ಮೇಜಿನ ಎದುರು ಕೂತಿದ್ದೇನೆ. ಈಗ್ಲೇ ಮೀನು ತಿನ್ನು."

"ಸುಳ್ಳು ಹೇಳ್ಬೇಡ. ಯುದ್ಧ ಆಗುವಾಗ ಹಾರ್ಲಿಕ್ಕೆ ಬರುವವನನ್ನು ಯಾರಾದ್ರೂ ಕೂರಿಸ್ತಾರಾ?"

"ನಿನ್ನಾಣೆ ಅಮ್ಮಾ."

ಆಣೆಯನ್ನು ಆಕೆ ನಂಬಿದಳು. "ಹಾಗಾದ್ರೆ ಹಾರುದು ಯಾರು?"

"ನಾನು ಕಲಿಸಿದ ಹುಡುಗರು."

"ಎಲ್ಲ ಇಳಿದ್ರಾ?"

ಬೋರ್ಡಿನಲ್ಲಿ ಒಂದು ಹೆಸರಿನ ಮುಂದೆ ಇಳಿದ ಹೊತ್ತಿನ ಜಾಗ ಇನ್ನೂ ಖಾಲಿ ಇತ್ತು. ಅವನು ಬರಬೇಕಾದ ಹೊತ್ತು ಮೀರಿತ್ತು. ಹೌದು ಎಂದುಬಿಟ್ಟಿದ್ದರೆ ಅಮ್ಮ ಆ ಸಂಜೆಯೇ ಹೊಟ್ಟೆತುಂಬ ಉಣ್ಣುತ್ತಿದ್ದಳು. ಅಕ್ಕನ ಮಾತು ಕಿವಿಯಲ್ಲೇ ಇತ್ತು, ಆದರೂ "ಒಬ್ಬ ಇನ್ನೂ ಇಳಿಯಲಿಲ್ಲ" ಎಂದೆ.

"ಆಯ್ತು. ಅವ ಇಳಿದ ಮೇಲೆ ಹೇಳು" ಎಂದು ಅಮ್ಮ ಫೋನ್ ಇಟ್ಟಳು.

ನನ್ನ ಮುಖ ನೋಡಿ ಸಾಹೇಬರು ಏನಾಯಿತು ಎಂದು ಕೇಳಿದರು. ಬಂಗುಡೆಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಬೈಗುಳಕ್ಕೆ ಸಿದ್ಧನಾಗಿಯೇ ಹೇಳಿದ್ದೆ. ಅವರು ಬೈಯಲಿಲ್ಲ, ಕುರ್ಚಿಯನ್ನು ಬೋರ್ಡಿನ ಎದುರಿಗೆ ಎಳೆದುಕೊಂಡು ಕೂತರು. ತಂದಿಟ್ಟ ಚಹಾವನ್ನು ಇಬ್ಬರೂ ಮುಟ್ಟಲಿಲ್ಲ.

ಸುದ್ದಿ ಬಂದಾಗ ನಾನು ಎದ್ದು ನಿಂತುಬಿಟ್ಟಿದ್ದೆ. ಹುಡುಗ ಎಣ್ಣೆ ಸಾಲದೆ ಬೇರೊಂದು ಹಡಗಿನ ಮೇಲೆ ಇಳಿದಿದ್ದ. ಒಳ್ಳೆಯ ಕೆಲಸ ಮಾಡಿದ್ದ, ಕಳ್ಳ. ಸಾಹೇಬರು ತಾವೇ ನಮ್ಮ ಮನೆಯ ನಂಬರ್ ಕೇಳಿ ಒತ್ತಿ ಫೋನನ್ನು ನನ್ನ ಕೈಗಿಟ್ಟರು.

"ಇಳಿದ ಅಮ್ಮಾ! ಇನ್ನಾದ್ರೂ ತಿನ್ನು."

ಆ ಕಡೆಯಿಂದ ಅಳು ಕೇಳಿಸಿತು. ಮೂಗು ಒರೆಸಿಕೊಂಡು ಅಮ್ಮ ಕೇಳಿದಳು, "ಅವನ ಅಮ್ಮನಿಗೆ ಹೇಳಿದ್ಯಾ?"

"ಹಾಗೆಲ್ಲ ಹೇಳುವ ರೂಲ್ ಇಲ್ಲ ಅಮ್ಮಾ."

"ನಿನ್ನ ರೂಲ್ ಒಲೆಗೆ ಹಾಕು. ಅವಳೂ ಎಲ್ಲೋ ಕೂತಿರ್ತಾಳೆ. ಮೊದಲು ಅವಳಿಗೆ ಹೇಳು, ನಾನು ಅಷ್ಟು ಹೊತ್ತು ಕಾಯ್ತೇನೆ."