ಬೋರ್ಡಿನಲ್ಲಿ ಇಲ್ಲದ ಹನ್ನೊಂದನೇ ಬಿಲ್ಲೆ

ಕಳೆದ ಫೆಬ್ರವರಿಯ ಎರಡನೇ ಶನಿವಾರ ಬೆಳಿಗ್ಗೆ ರಾಬರ್ಟ್‌ಸನ್‌ಪೇಟೆ ಮಾರುಕಟ್ಟೆಯ ಹಿಂದಿನ ಗುಜರಿ ಅಂಗಡಿಯಲ್ಲಿ ಗಣಿ ಕಾಲದ ಒಂದು ಹಿತ್ತಾಳೆ ಬಿಲ್ಲೆ ನನ್ನ ಕೈಗೆ ಸಿಕ್ಕಿತು. ಹಳೆ ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು, ದುಂಡಗೆ, ಮೇಲೆ ಮೊಳೆಗೆ ಸಿಕ್ಕಿಸಲು ಒಂದು ತೂತು. ಕೊರೆದಿದ್ದ ಸಂಖ್ಯೆ ಸವೆದುಹೋಗಿತ್ತು. ನಾನು ಹೋಗಿದ್ದು ಮಿಕ್ಸಿ ಜಾರಿಗೆ ಮುಚ್ಚಳ ಹುಡುಕಿಕೊಂಡು. ಮುಚ್ಚಳ ಸಿಗಲಿಲ್ಲ. ಬೆರಳಿಗೆ ಹತ್ತಿದ ಹಿತ್ತಾಳೆಯ ವಾಸನೆ ಮಾತ್ರ ಮನೆಯವರೆಗೂ ಬಂತು. ಅದರ ಹಿಂದೆಯೇ ಹದಿನಾಲ್ಕು ವರ್ಷದ ಹಿಂದಿನ ಕಾಶಿ ಬಂತು... ಸಾಸಿವೆ ಎಣ್ಣೆಯಲ್ಲಿ ಬೇಯುವ ಕಚೋರಿಯ ಘಾಟು, ಒದ್ದೆ ಕಲ್ಲು, ಮತ್ತು ನಾವು ಗೈಡಣ್ಣ ಎಂದು ಕರೆಯುತ್ತಿದ್ದ ಮನುಷ್ಯ.

ಅವರು ಕಾಮಸಮುದ್ರದ ಕಡೆಯವರು. ಚಿನ್ನದ ಗಣಿಯಲ್ಲಿ ನೆಲದೊಳಗೆ ಇಳಿಯುವ ಶಾಫ್ಟಿನ ಬಾಯಿಯ ಹತ್ತಿರ, ಇಳಿದವರು ಬಿಲ್ಲೆ ನೇತುಹಾಕುವ ಬೋರ್ಡು ನೋಡಿಕೊಳ್ಳುವ ಕೆಲಸ ಅವರದು. ಗಣಿ ಮುಚ್ಚಿದ ಮೇಲೆ ಯಾತ್ರೆಗೆಂದು ಕಾಶಿಗೆ ಹೋದವರು ಅಲ್ಲೇ ನಿಂತರು. ಕಾರಣ ಸರಳ. ಅಲ್ಲಿಗೆ ಬರುವ ದಕ್ಷಿಣದವರ ಜೊತೆ ಕನ್ನಡ, ತಮಿಳು, ತೆಲುಗು ಮೂರನ್ನೂ ಆಡಬಲ್ಲವರು ಬೇಕಾಗಿದ್ದರು. ಕೆಜಿಎಫ್‌ನಲ್ಲಿ ಅದು ಯಾರಿಗೂ ವಿದ್ಯೆ ಅನ್ನಿಸುವುದಿಲ್ಲ. ಕಾಶಿಯಲ್ಲಿ ಅದೇ ಅವರ ಅನ್ನವಾಯಿತು.

ನಾನು ಆಗ ಪತ್ರಿಕೆಯ ಕೆಲಸಕ್ಕೆ ಸೇರಿ ಒಂದು ವರ್ಷವೂ ಆಗಿರಲಿಲ್ಲ. ಅಪ್ಪ ಕಾರ್ಖಾನೆಯಿಂದ ನಿವೃತ್ತರಾಗಿದ್ದರು, ಅವರಿಗೆ ರೈಲಿನ ಪ್ರಯಾಣ ಆಗದು. ಅಮ್ಮನ ಜೊತೆಗೆ ನಾನು ಹೊರಟೆ. ನಮ್ಮ ಕ್ವಾರ್ಟರ್ಸಿನವರು, ಬಂಗಾರಪೇಟೆಯವರು, ಕ್ಯಾಸಂಬಳ್ಳಿಯವರು ಸೇರಿ ಹದಿನಾಲ್ಕು ಜನ. ಅವರಲ್ಲಿ ಕ್ಯಾಸಂಬಳ್ಳಿಯಲ್ಲಿ ಮೂರು ಹಸು ಕಟ್ಟಿಕೊಂಡು ಹಾಲು ಹಾಕುತ್ತಿದ್ದ ಒಬ್ಬ ಅವ್ವ ಇದ್ದರು. ಅರವತ್ತೈದು ದಾಟಿತ್ತು. ಒಬ್ಬರೇ ಬಂದಿದ್ದರು. ರೈಲಿನಲ್ಲಿ ಇಡೀ ದಾರಿ ಅವರ ಚಿಂತೆ ಒಂದೇ, ಪಕ್ಕದ ಮನೆಯವರು ಹಸುಗಳಿಗೆ ಹೊತ್ತಿಗೆ ಸರಿಯಾಗಿ ನೀರು ಇಟ್ಟರೋ ಇಲ್ಲವೋ.

ಕೇದಾರ ಘಾಟಿನ ಮೇಲಿನ ಗಲ್ಲಿಯಲ್ಲಿ ನಮ್ಮ ಲಾಡ್ಜು. ಮೊದಲ ದಿನ ಬೆಳಿಗ್ಗೆ ಗೈಡಣ್ಣ ಬಾಗಿಲ ಪಕ್ಕದ ಗೋಡೆ ತೋರಿಸಿದರು. ಅಲ್ಲಿ ಹಸಿರು ಬಣ್ಣದ ಒಂದು ಹಲಗೆ, ಅದರ ತುಂಬ ಮೊಳೆ. ಆಮೇಲೆ ಚೀಲದಿಂದ ಬಿಲ್ಲೆಗಳ ಗೊಂಚಲು ತೆಗೆದರು. ಗಣಿಯ ಬಿಲ್ಲೆಗಳೇ. ಗುಜರಿಗೆ ಹೋಗುತ್ತಿದ್ದವನ್ನು ಆರಿಸಿಕೊಂಡು ತಂದದ್ದಂತೆ. ಅಮ್ಮನಿಗೆ ಆರು, ನನಗೆ ಏಳು, ಅವ್ವನಿಗೆ ಹನ್ನೊಂದು.

"ಒರಗಡೆ ಓಗುವಾಗ ಮೊಳೆಗೆ ನೇತಾಕಿ. ವಾಪಸ್ ಬಂದ್ಮೇಲೆ ತಗೊಳಿ. ಬಿಲ್ಲೆ ಉಳ್ಕಂಡ್ರೆ ಒಬ್ರು ಇನ್ನೂ ಒಳಗವ್ರೆ ಅಂತ," ಅಂದರು. ಒಳಗೆ ಅಂದರೆ ಗಲ್ಲಿಗಳ ಒಳಗೆ. ಗಣಿಯಲ್ಲಿ ಅದು ನೆಲದ ಒಳಗೆ.

ಅವರ ಕೈಯಲ್ಲಿ ಒಂದು ಸೈಕಲ್ ಬೆಲ್ಲೂ ಇರುತ್ತಿತ್ತು. ಗಣಿಯಲ್ಲಿ ಜನರನ್ನು ಇಳಿಸುವ ತೊಟ್ಟಿಲಿಗೆ ಗಂಟೆಯಿಂದಲೇ ಸೂಚನೆ ಕೊಡುತ್ತಿದ್ದರಲ್ಲ, ಹಾಗೆ. ಒಂದು ಸಲ ಬಾರಿಸಿದರೆ ಎಲ್ಲರೂ ನಿಲ್ಲಬೇಕು, ಎರಡು ಸಲ ಬಾರಿಸಿದರೆ ನಡೆಯಬೇಕು. ಹಿಂದಿನಿಂದ ಕೂಗಬಾರದು, ಕೂಗಿದರೆ ಕಾಶಿಯಲ್ಲಿ ಯಾರಿಗೂ ಕೇಳುವುದಿಲ್ಲ ಅನ್ನುವುದು ಅವರ ವಾದ. ಬಂಗಾರಪೇಟೆಯ ಒಬ್ಬರು, ಇದೇನು ಯಾತ್ರೆಯೋ ಸೆಕೆಂಡ್ ಶಿಫ್ಟೋ ಎಂದು ಗೊಣಗಿದರು. ಗೈಡಣ್ಣ ಅದಕ್ಕೂ ಒಂದು ಸಲ ಬೆಲ್ ಬಾರಿಸಿ, ಅವರು ಬಾಯಿ ಮುಚ್ಚುವವರೆಗೂ ಕಾದರು.

ಆ ಮೂರು ದಿನ ನಾವು ನಡೆದ ನಡಿಗೆ... ಇವತ್ತಿಗೂ ನೆನೆದರೆ ಕಾಲು ಚುರುಕಾಗುತ್ತದೆ. ಕೇದಾರ ಘಾಟಿನ ಕೆಂಪು ಬಿಳಿ ಪಟ್ಟೆಯ ಮೆಟ್ಟಿಲ ಮೇಲೆ ಸೂರ್ಯ ಬರುವುದಕ್ಕೆ ಮುಂಚೆಯೇ ನಮ್ಮನ್ನು ತಂದು ನಿಲ್ಲಿಸುತ್ತಿದ್ದರು. ಎದುರು ದಡದ ಮರಳಿನ ಮೇಲೆ ಬೆಳಕು ಬಿದ್ದು, ನೀರು ಬೂದಿಯಿಂದ ತಾಮ್ರವಾಗಿ, ತಾಮ್ರದಿಂದ ಬಿಳಿಯಾಗುವಷ್ಟರಲ್ಲಿ ಎರಡು ಸಲ ಬೆಲ್. ಹೊರಟೆವು. ದಂಡೆಯ ಉದ್ದಕ್ಕೂ ದಶಾಶ್ವಮೇಧ, ಅಲ್ಲಿಂದ ಮಣಿಕರ್ಣಿಕಾ, ಅಲ್ಲಿಂದ ಮೇಲೆ ಹತ್ತಿ ಗಲ್ಲಿಗಳಿಗೆ. ಎರಡೂ ಕೈ ಚಾಚಿದರೆ ಎರಡೂ ಮನೆಯ ಗೋಡೆ ಸಿಗುವಷ್ಟು ಇಕ್ಕಟ್ಟು. ಮೇಲೆ ಆಕಾಶ ಒಂದು ಲಾಡಿಯಷ್ಟು. ಗೋಡೆಯ ಗೂಡಿನಲ್ಲಿ ಹನುಮಂತ, ಅದರ ಪಕ್ಕದಲ್ಲಿ ಬನಿಯನ್ ಅಂಗಡಿ, ಅದರ ಮೆಟ್ಟಿಲ ಮೇಲೆ ಮಲಗಿದ ಗೂಳಿ. ಗೂಳಿಯನ್ನು ದಾಟುವಾಗ ಬಲಗೈ ಗೋಡೆಗಿಡಿ, ಕಣ್ಣಿಗೆ ಕಣ್ಣು ಕೊಡಬೇಡಿ ಅನ್ನುತ್ತಿದ್ದರು. ತಗ್ಗಾದ ಕಮಾನು ಬಂದಾಗ ತಮಿಳಿನಲ್ಲಿ ತಲೈ, ತಲೈ ಎಂದು ಎಚ್ಚರಿಸುತ್ತಿದ್ದರು. ಅದು ಗಣಿಯ ಅಭ್ಯಾಸ. ಹೆಣ ಹೊತ್ತವರು ರಾಮನಾಮ ಹೇಳುತ್ತ ಓಡಿಬಂದಾಗ ನಮ್ಮನ್ನೆಲ್ಲ ಗೋಡೆಗೆ ಅಂಟಿಸಿ, ಅವರು ಹೋದ ಮೇಲೆ ಮಣ್ಣಿನ ಬಟ್ಟಲಿನಲ್ಲಿ ಲಸ್ಸಿ ಕೊಡಿಸುತ್ತಿದ್ದರು. ಹೆದರುವುದಕ್ಕೆ ಹೊತ್ತೇ ಸಿಗುತ್ತಿರಲಿಲ್ಲ. ದೇವಸ್ಥಾನಗಳಿಗಿಂತ ಹೆಚ್ಚಾಗಿ, ಮುಂದಿನ ತಿರುವಿನ ಆಚೆ ಏನಿದೆ ಅನ್ನುವ ಆಸೆಯೇ ನಮ್ಮನ್ನು ಎಳೆಯುತ್ತಿತ್ತು.

ಅವ್ವ ಮಾತ್ರ ಪ್ರತಿ ಹಸುವಿನ ಮುಂದೆಯೂ ನಿಲ್ಲುತ್ತಿದ್ದರು. ಕೆಚ್ಚಲು ನೋಡಿ ಎಷ್ಟು ಲೀಟರ್ ಎಂದು ಹೇಳುತ್ತಿದ್ದರು. ವಿಶ್ವನಾಥನ ದರ್ಶನದ ಸಾಲಿನಲ್ಲಿ ನಿಂತಾಗಲೂ ಅವರ ಮಾತು ಬೂಸಾದ್ದೇ. ಗೈಡಣ್ಣ, ಅವ್ವಾ, ನೀವು ಬಂದಿರೋದು ನಂದೀನ ನೋಡಕ್ಕೆ, ಅವನ ಯಜಮಾನರನ್ನ ಯಾರು ನೋಡ್ತಾರೆ ಅಂತ ಕಾಲೆಳೆಯುತ್ತಿದ್ದರು.

ಮೂರನೆಯ ದಿನ ಸಂಜೆ ಆರೂವರೆಗೆ ನಮ್ಮ ರೈಲು. ಬೆಳಗಿನ ನಡಿಗೆ ಮುಗಿಸಿ ಬಂಗಾಲಿ ಟೋಲಾದ ಗಲ್ಲಿಯಿಂದ ಲಾಡ್ಜಿಗೆ ಬಂದಾಗ ಒಂದು ಗಂಟೆ. ಒಬ್ಬೊಬ್ಬರೇ ಬಿಲ್ಲೆ ತೆಗೆದುಕೊಂಡು ಒಳಗೆ ಹೋದೆವು. ಗೈಡಣ್ಣ ಹಲಗೆ ನೋಡಿದರು. ಒಂದೂ ಬಿಲ್ಲೆ ಉಳಿದಿರಲಿಲ್ಲ. ಊಟ ಮಾಡಿ ಗಂಟು ಕಟ್ಟಿಕೊಳ್ಳಿ, ಐದು ಗಂಟೆಗೆ ಆಟೋ ಬರುತ್ತೆ ಎಂದು ಹೇಳಿ ಮಲಗಲು ಹೋದರು.

ಮೂರು ಗಂಟೆ ಹತ್ತು ನಿಮಿಷಕ್ಕೆ ಅಮ್ಮ ಬಂದು ನನ್ನನ್ನು ಎಬ್ಬಿಸಿದರು. ಅವ್ವನ ಚೀಲ ಬೆಳಿಗ್ಗೆ ಇಟ್ಟಲ್ಲೇ ಇದೆ, ಅವ್ವ ಎಲ್ಲೂ ಇಲ್ಲ. ಊಟಕ್ಕೆ ಕೂತದ್ದನ್ನೂ ಯಾರೂ ನೋಡಿಲ್ಲ.

ಗೈಡಣ್ಣ ಬರಿಗಾಲಲ್ಲಿ ಓಡಿಬಂದು ಹಲಗೆಯ ಮುಂದೆ ನಿಂತರು. ಮೊಳೆಗಳನ್ನು ಬೆರಳಿಟ್ಟು ಒಂದೊಂದಾಗಿ ಮುಟ್ಟಿದರು. ಬೋರ್ಡು ಖಾಲಿ ಇದೆಯಲ್ಲ, ಬೋರ್ಡು ಖಾಲಿ ಇದೆಯಲ್ಲ ಅನ್ನುತ್ತಿದ್ದರು. ಮೂರು ದಿನ ನೋಡಿದ್ದ ಆ ಚುರುಕು ಮುಖ ಇಳಿದುಹೋಗಿತ್ತು. ಅವ್ವನ ಹತ್ತಿರ ಫೋನಿಲ್ಲ, ಹಿಂದಿ ಬಾರದು, ಲಾಡ್ಜಿನ ಹೆಸರೂ ಗೊತ್ತಿಲ್ಲ. ರೈಲಿಗೆ ಉಳಿದಿದ್ದದ್ದು ಮೂರು ಗಂಟೆ ಚಿಲ್ಲರೆ. ಇಷ್ಟು ವರ್ಷದಲ್ಲಿ ಒಬ್ಬರನ್ನೂ ಕಳೆದುಕೊಂಡಿಲ್ಲ ಎಂದು ಅವರೇ ಹೆಮ್ಮೆಯಿಂದ ಹೇಳಿದ್ದರು. ದಕ್ಷಿಣದ ಗುಂಪುಗಳನ್ನು ಲಾಡ್ಜಿನವರು ಅವರ ಕೈಗೇ ಒಪ್ಪಿಸುತ್ತಿದ್ದದ್ದೂ ಅದಕ್ಕೇ.

ಉಳಿದವರನ್ನು ಅಮ್ಮನಿಗೆ ಒಪ್ಪಿಸಿ ನಾವಿಬ್ಬರೂ ಹೊರಟೆವು. ಮೊದಲು ವಿಶ್ವನಾಥ ಗಲ್ಲಿಯ ಕಡೆ ತಿರುಗಿದ ಗೈಡಣ್ಣ, ನಾಲ್ಕು ಹೆಜ್ಜೆ ಹೋಗಿ ನಿಂತುಬಿಟ್ಟರು. ನನ್ನ ಕಡೆ ತಿರುಗಿ, "ಪೇಪರ್‌ನವ್ರೆ, ಗುಡಿಗಳು ಬ್ಯಾಡ. ಅಸ ಎಲ್ಲೆಲ್ಲಿ ಕಟ್ತಾರೋ ಅಲ್ಲಿಗೆ ಓಗವಾ," ಅಂದರು.

ಹಾಗೆ ಶುರುವಾಯಿತು. ಕಾಶಿಗೆ ಹೋಗಿ ದೇವಸ್ಥಾನ ಬಿಟ್ಟು ಕೊಟ್ಟಿಗೆಗಳನ್ನು ಹುಡುಕಿಕೊಂಡು ಓಡಿದವರು ನಾವಿಬ್ಬರೇ ಇರಬೇಕು. ಯಾವ ಗಲ್ಲಿಯಲ್ಲಿ ಯಾರು ಹಸು ಕಟ್ಟಿದ್ದಾರೆ ಅನ್ನುವುದು ಅವರಿಗೆ ಬಾಯಿಪಾಠ. ಒಂದು ಮನೆಯ ಮುಂಬಾಗಿಲಲ್ಲಿ ನುಗ್ಗಿ ಹಿತ್ತಿಲಲ್ಲಿ ಹೊರಬಿದ್ದೆವು. ಒಂದು ಗರಡಿಯ ಕೆಂಪು ಮಣ್ಣಿನ ಅಂಚಿನಲ್ಲಿ ಓಡಿದೆವು, ಪೈಲ್ವಾನರು ಪಟ್ಟು ಬಿಟ್ಟು ನಮ್ಮನ್ನೇ ನೋಡಿದರು. ಒಂದು ಕಡೆ ಬನಾರಸ್ ರೇಷ್ಮೆಯ ಮಗ್ಗದ ಸದ್ದು, ಇನ್ನೊಂದು ಕಡೆ ಹಾರ್ಮೋನಿಯಂ ಪಾಠ. ಮೊದಲ ಕೊಟ್ಟಿಗೆಯಲ್ಲಿ ಇಲ್ಲ. ಎರಡನೆಯದರಲ್ಲಿ ಎಮ್ಮೆಗಳು. ಮೂರನೆಯ ಕಡೆ ಹಾಲಿನವರು, ಬಿಳಿ ಸೀರೆಯ ಮುದುಕಿ ಬೆಳಿಗ್ಗೆ ಹಾದುಹೋದದ್ದು ನೋಡಿದೆ ಅಂದರು. ಕಾಶಿಯಲ್ಲಿ ಬಿಳಿ ಸೀರೆಯ ಮುದುಕಿಯರು ಎಷ್ಟೋ. ನಮ್ಮ ಅವ್ವ ಉಟ್ಟಿದ್ದದ್ದು ಹಸಿರು ಚೌಕಳಿ ಸೀರೆ. ಗೈಡಣ್ಣ ಪ್ರತಿ ತಿರುವಿನಲ್ಲೂ ಬೆಲ್ ಬಾರಿಸಿ ಕಿವಿಗೊಡುತ್ತಿದ್ದರು. ನಾನು ಟಿಪ್ಪಣಿ ಪುಸ್ತಕದಲ್ಲಿ ಗಂಟೆ ಬರೆದುಕೊಳ್ಳುತ್ತಿದ್ದೆ. ಮೂರೂವರೆ. ಮೂರು ಐವತ್ತು. ಹೆದರಿಕೆ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಅದರ ಜೊತೆಗೇ, ಕಾಶಿಯ ಒಳಗೆ ಇಂಥ ಇನ್ನೊಂದು ಊರು ಇದೆ ಎಂದು ಬೆರಗಾಗಿ ನಾನು ಓಡುತ್ತಿದ್ದದ್ದೂ ನಿಜ.

ನಾಲ್ಕು ಗಂಟೆ ಐದು ನಿಮಿಷಕ್ಕೆ, ಒಂದು ಪಾಳು ಹವೇಲಿಯ ಒಳಂಗಳದಲ್ಲಿ ಹೆಂಗಸರ ನಗು ಕೇಳಿಸಿತು. ಇಣುಕಿದೆವು. ಅಂಗಳದ ನಡುವೆ ಕಪ್ಪು ಹಸುವೊಂದರ ಪಕ್ಕದಲ್ಲಿ ನಮ್ಮ ಅವ್ವ ಕುಕ್ಕರಗಾಲಲ್ಲಿ ಕೂತಿದ್ದರು. ಮೊಳಕಾಲ ನಡುವೆ ಹಿತ್ತಾಳೆ ಚೊಂಬು. ಹಾಲು ಸರಾಗವಾಗಿ ನೊರೆಗಟ್ಟಿ ಬೀಳುತ್ತಿತ್ತು. ಸುತ್ತಲೂ ನಾಲ್ಕೈದು ಹೆಂಗಸರು. ಆ ಹಸು ಕರು ಕಳೆದುಕೊಂಡು ಒದೆಯುತ್ತಿತ್ತಂತೆ, ಯಾರನ್ನೂ ಹತ್ತಿರ ಸೇರಿಸುತ್ತಿರಲಿಲ್ಲವಂತೆ. ಅವ್ವ ಮಧ್ಯಾಹ್ನವೆಲ್ಲ ಅದರ ಗಂಗೆದೊಗಲು ಸವರುತ್ತ ಕೂತು ಒಲಿಸಿದ್ದರು. ಭಾಷೆ ಒಂದೂ ಬಾರದೆ ಇದೆಲ್ಲ ಹೇಗೆ ನಡೆಯಿತೋ... ಆ ಹೆಂಗಸರು ಅವ್ವನಿಗೆ ಪೂರಿಯನ್ನೂ ತಿನ್ನಿಸಿದ್ದರು.

ಗೈಡಣ್ಣ ಅಲ್ಲೇ ಕಟ್ಟೆಯ ಮೇಲೆ ಕೂತರು.

ಅವ್ವ ತಲೆ ಎತ್ತಿ ನೋಡಿದವರು ತಾವೇ ಜಗಳಕ್ಕೆ ನಿಂತರು. "ಏನ್ಲಾ, ಈಗ್ ಬಂದಾ? ಗಂಟೆ ಒಂದ್ಸಲ ಆಯ್ತು, ನಾನು ನಿಂತ್ಕಂಡೆ. ನೀವ್ಯಾರೂ ನಿಲ್ಲಲಿಲ್ಲ."

ಅದು ಯಾವುದೋ ಗುಡಿಯ ಗಂಟೆ. ಕಾಶಿಯಲ್ಲಿ ಯಾರೋ ಒಬ್ಬರು ಒಂದು ಸಲ ಗಂಟೆ ಹೊಡೆದು ಕೈಮುಗಿದು ಹೋಗಿದ್ದಾರೆ. ಹದಿನಾಲ್ಕು ಜನರಲ್ಲಿ ಗೈಡಣ್ಣನ ಅಪ್ಪಣೆಯನ್ನು ಪಾಲಿಸಿದವರು ಅವ್ವ ಒಬ್ಬರೇ. ನಾನು ನಕ್ಕುಬಿಟ್ಟೆ. ಗೈಡಣ್ಣ ನಗಲಿಲ್ಲ. ಬಿಲ್ಲೆ ಎಲ್ಲಿ ಅವ್ವಾ, ಬೆಳಿಗ್ಗೆ ನೇತಾಕಲಿಲ್ವಾ ಎಂದು ಕೇಳಿದರು.

ಅವ್ವ ಕೈ ಒರೆಸಿಕೊಂಡು ಸೆರಗಿನ ತುದಿಯ ಗಂಟು ತೋರಿಸಿದರು. ಹನ್ನೊಂದನೇ ಬಿಲ್ಲೆ ಮೂರು ದಿನವೂ ಅಲ್ಲೇ ಇತ್ತು. ಎಲ್ಲರ ಜೊತೆ ಹಲಗೆಯ ಮುಂದೆ ನಿಂತು, ಕೈ ಎತ್ತಿದ ಹಾಗೆ ಮಾಡಿ ಬರುತ್ತಿದ್ದರು. ಅವರ ಗಂಡ ಗಣಿಯಲ್ಲಿ ಕೆಲಸಕ್ಕಿದ್ದವರು. ಆ ವಿಷಯ ಅವರು ರೈಲಿನಲ್ಲಿ ಯಾರಿಗೂ ಹೇಳಿರಲಿಲ್ಲ.

"ನಮ್ಮ ಆಯಪ್ಪಂದು ಒಂದಿನ ಬೋರ್ಡಲ್ಲೇ ಉಳ್ಕಂತು ಕಣಪ್ಪ. ಮಾರ್ನೆ ದಿನಾನೂ ಅಲ್ಲೇ ಇತ್ತು, ನಾನೇ ಓಗಿ ನೋಡ್ದೆ. ಆವತ್ತಿಂದ ನಾನು ಯಾವ್ ಮೊಳೆಗೂ ಏನೂ ನೇತಾಕಲ್ಲ."

ಯಾವ ಶಾಫ್ಟು ಎಂದು ಗೈಡಣ್ಣ ಕೇಳಿದರು. ಅವ್ವ ಹೇಳಿದರು. ಗೈಡಣ್ಣ ಕೆಲಸ ಮಾಡಿದ್ದು ಬೇರೆ ಶಾಫ್ಟಿನಲ್ಲಿ. ಆದರೂ ಕಟ್ಟೆಯಿಂದ ಎದ್ದು ಅವ್ವನ ಹತ್ತಿರ ಬಂದರು. ಆಮೇಲೆ, "ನಾನು ಬೋರ್ಡ್ ನೋಡ್ದೆ ಅವ್ವಾ. ನಿಮ್ಮ ಮಕ ನೋಡ್ಬೇಕಾಗಿತ್ತು," ಅಂದರು.

ಅವ್ವ, ನಿನ್ನ ಮಕ ನೋಡ್ಲಾ, ಬಾಡೋಗದೆ, ಕುಡಿ ಎಂದು ಚೊಂಬನ್ನು ಅವರ ಕೈಗಿಟ್ಟರು. ಅವರು ಬಿಸಿ ಹಾಲನ್ನು ನಿಂತುಕೊಂಡೇ ಕುಡಿದರು.

ರೈಲು ಸಿಕ್ಕಿತು. ದಾರಿಯ ಸಂದಣಿ ದಾಟಿ ಸ್ಟೇಷನ್ ಮುಟ್ಟಿದಾಗ ಹತ್ತು ನಿಮಿಷ ಉಳಿದಿತ್ತು. ಪ್ಲಾಟ್‌ಫಾರಂನಲ್ಲಿ ಗೈಡಣ್ಣ ಬೋಗಿಯ ಬಾಗಿಲ ಬಳಿ ನಿಂತು, ಹತ್ತಿದ ಒಬ್ಬೊಬ್ಬರ ಭುಜವನ್ನೂ ಮುಟ್ಟಿ ಎಣಿಸಿದರು. ಹದಿನಾಲ್ಕು ಆದ ಮೇಲೆ ಇನ್ನೊಂದು ಸಲ ಒಳಗೆ ಬಂದು ಎಣಿಸಿದರು. ಬಿಲ್ಲೆಗಳನ್ನು ವಾಪಸ್ ಕೇಳಲಿಲ್ಲ. ನಾವೇ ಕೊಡಲು ಹೋದಾಗ ಕಿಟಕಿಯತ್ತ ಚೀಲ ಚಾಚಿ ತೆಗೆದುಕೊಂಡರು. ರೈಲು ಹೊರಟಾಗ ಬೆಲ್ ಎರಡು ಸಲ ಬಾರಿಸಿದರು. ಬೋಗಿಯಲ್ಲಿದ್ದವರೆಲ್ಲ ನಕ್ಕರು. ಬಂಗಾರಪೇಟೆಯ ಆ ಗೊಣಗುವವರು ಕೂಡ.

ಆಮೇಲೆ ನಾನು ಅವರನ್ನು ನೋಡಲಿಲ್ಲ. ನಮ್ಮ ಕಡೆಯಿಂದ ಕಾಶಿಗೆ ಹೋಗಿಬಂದವರು ಸಿಕ್ಕಾಗ ಕೇಳುತ್ತಿದ್ದೆ. ಲಾಡ್ಜಿನ ಗೋಡೆಯಲ್ಲಿ ಹಲಗೆ ಇಲ್ಲವಂತೆ. ಗೈಡಣ್ಣ ಗುಂಪಿನ ಮುಂದೆ ನಡೆಯುವುದಿಲ್ಲ, ಕೊನೆಯವರ ಹಿಂದೆ ಇರುತ್ತಾರೆ, ಎಡಕ್ಕೆ ಬಲಕ್ಕೆ ಎಂದು ಹಿಂದಿನಿಂದಲೇ ಹೇಳುತ್ತಾರೆ ಎಂದು ಮೂರು ಬೇರೆ ಬೇರೆ ಗುಂಪಿನವರು ಹೇಳಿದರು. ಒಂದು ಸಲ ಲಾಡ್ಜಿನ ಫೋನ್ ನಂಬರ್ ತರಿಸಿಕೊಂಡೆ. ಮಾಡಬೇಕು ಅಂದುಕೊಂಡೆ... ಮಾಡಲಿಲ್ಲ. ಅವ್ವ ಆರು ವರ್ಷದ ಹಿಂದೆ ಕ್ಯಾಸಂಬಳ್ಳಿಯಲ್ಲಿ ತೀರಿಕೊಂಡರು. ಆ ಸುದ್ದಿಯನ್ನಾದರೂ ಅವರಿಗೆ ಮುಟ್ಟಿಸಬೇಕಿತ್ತು. ಅದನ್ನೂ ಮುಟ್ಟಿಸಲಿಲ್ಲ.

ಗುಜರಿ ಅಂಗಡಿಯಿಂದ ಬಂದ ಆ ಶನಿವಾರ ಮಧ್ಯಾಹ್ನ ಆ ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ಲಾಡ್ಜಿನ ಮ್ಯಾನೇಜರು. ಗೈಡಣ್ಣ ಹೋದ ಚಳಿಗಾಲದಲ್ಲಿ ತೀರಿಕೊಂಡರು ಎಂದು ಹೇಳಿದರು. ಆವತ್ತು ಅವರ ಜೊತೆಗಿದ್ದದ್ದು ಕೋಲಾರದ ಕಡೆಯ ಗುಂಪು. ಸಂಜೆ ಘಾಟಿನಿಂದ ಎಲ್ಲರನ್ನೂ ಹತ್ತಿಸಿಕೊಂಡು ಬಂದು, ಕೊನೆಯವರು ಬಾಗಿಲು ದಾಟುವವರೆಗೂ ಹೊರಗೆ ನಿಂತು, ಆಮೇಲೆ ಮೆಟ್ಟಿಲ ಮೇಲೆ ಕೂತರಂತೆ. ನೀರು ತರುವಷ್ಟರಲ್ಲಿ ಹೋಗಿಬಿಟ್ಟಿದ್ದರಂತೆ. ಸಂಸ್ಕಾರ ಅಲ್ಲೇ ಹರಿಶ್ಚಂದ್ರ ಘಾಟಿನಲ್ಲಿ ಆಯಿತು.

ಆ ಗುಂಪಿನಲ್ಲಿದ್ದ ಒಬ್ಬರನ್ನು ಮಾರನೆಯ ವಾರ ಬಂಗಾರಪೇಟೆಯಲ್ಲಿ ಹುಡುಕಿ ಮಾತಾಡಿಸಿದೆ. ಮ್ಯಾನೇಜರು ಹೇಳಿದ್ದನ್ನೇ ಅವರೂ ಹೇಳಿದರು. ಅವರು ಹೋಗಿದ್ದು ಹದಿನೇಳು ಜನ. ಹದಿನೇಳು ಜನವೂ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಇಳಿದರು.